ಅಣ್ಣನಿಗೊಂದು ಹೊಸ ಹಾಳೆ

ಇಸ್ತ್ರಿ ಅಂಗಡಿಗೆ ಬಂದು ತನ್ನ ಬಟ್ಟೆ ಎಣಿಸಿ ಇಡುತ್ತಿದ್ದ ಅಜ್ಜಿಯ ಕಿವಿಗೆ, ಕಂಪ್ಯೂಟರ್ ಮುಂದೆ ಕೂತಿದ್ದ ಅಂಗಡಿಯ ಅಕ್ಕತಂಗಿಯರ ಮಾತು ಬಿತ್ತು.

“ನೀನು ಅಣ್ಣನ ಜೊತೆ ಜಗಳ ಆಡಿ ಎರಡು ವರ್ಷ ಆಯ್ತಲ್ಲೇ ಅಕ್ಕಾ, ಅವನಿಗೆ ಕಾಗದ ಬರೆದ್ಯಾ?”

“ಹೇಗೆ ಬರೀಲಿ? ಖಾಲಿ ಹಾಳೆ ಬೇಕು ಅಂದ್ರೆ ಅಂಗಡಿ ದರಪಟ್ಟಿ ಅಳಿಸ್ಬೇಕು. ಅಷ್ಟರಲ್ಲಿ ಯಾರಾದ್ರೂ ಬಂದು ದರ ಕೇಳ್ತಾರೆ, ಮತ್ತೆ ಪಟ್ಟೀನೇ ಟೈಪ್ ಮಾಡ್ತಾ ಕೂರ್ತೀನಿ.”

“ಅಯ್ಯೋ ನಿನ್ನ! ಹೊಸದಕ್ಕೆ ಹಳೇದನ್ನ ಯಾಕೇ ಅಳಿಸ್ತೀಯ? ಪಟ್ಟೀನ ಮುಚ್ಚಿ, ಪರದೆ ಮೇಲೆ ಖಾಲಿ ಜಾಗದಲ್ಲಿ ಮೌಸಿನ ಬಲಗಡೆ ಬಟನ್ ಒತ್ತು. ‘ನ್ಯೂ’, ಆಮೇಲೆ ‘ಟೆಕ್ಸ್ಟ್ ಡಾಕ್ಯುಮೆಂಟ್’. ಈಗ ತೆರೆ.”

“ಬಂತು ಕಣೇ! ಇಷ್ಟೇನಾ?”

“ಇಷ್ಟೇ. ಇನ್ನು ನೆಪ ಹೇಳಿದ್ರೆ ಅಣ್ಣನಿಗೆ ಚಾಡಿ ಹೇಳ್ತೀನಿ.”

ಅಕ್ಕ ಟೈಪ್ ಮಾಡುತ್ತಾ ಗಟ್ಟಿಯಾಗಿ ಓದಿದಳು: “ಅಣ್ಣಾ, ತಪ್ಪು ಯಾರದಾದ್ರೂ ಆಗ್ಲಿ, ನೀನು ಬಾ.”

“ಮುಗೀತಾ?”

“ಅವನಿಗೆ ಅಷ್ಟು ಸಾಕು. ಮೇಲ್‌ಗೆ ಹಾಕು.”

ತಂಗಿ ಹಾಕಿಕೊಟ್ಟಳು. ಅಕ್ಕ ಕಣ್ಣು ಮುಚ್ಚಿಕೊಂಡು ‘ಕಳಿಸು’ ಒತ್ತಿದಳು. ಆಮೇಲೆ ಇಬ್ಬರೂ ನಗುತ್ತಾ ಒಳಕ್ಕೆ ಓಡಿದರು, ಅಮ್ಮನಿಗೆ ಹೇಳಲು.