ತೊಟ್ಟಿಯ ಉಪ್ಪು ಇಳಿಸಿದವರು

ನಮ್ಮ ಮರಿಗಳು ಬದುಕಿದವು! ಇಪ್ಪತ್ತು ಸಾವಿರ ಸಿಗಡಿ ಮರಿಗಳಲ್ಲಿ ಹದಿನಾರು ಸಾವಿರ, ಅದೂ ಹಳೆಯ ನೀರಿನಲ್ಲೇ! ಕ್ಷಮಿಸಿ, ಮೊದಲು ಹೇಳಬೇಕಾದದ್ದು ಇದಲ್ಲ. ಮಾನ್ಯ ಅಧ್ಯಕ್ಷರೇ, ಹೊಸನಗರ, ತೀರ್ಥಹಳ್ಳಿಯಿಂದ ಬಂದ ಅತಿಥಿಗಳೇ, ಸಾಗರದ ಸಭಿಕರೇ, ಮದುವೆಯಾಗಿ ಐದು ತಿಂಗಳಾದ ಸೌಜನ್ಯ ನಿಮಗೆ ಕೈಮುಗಿಯುತ್ತಾಳೆ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ತಪ್ಪಿದರೆ ನಗಬಹುದು. ನನ್ನ ಗಂಡ ದಿನೇಶ್ ದಿನವೂ ನಗುತ್ತಾರೆ. ಆ ನಗು ಎಷ್ಟು ಚೆಂದ ಎಂದರೆ... ಇರಲಿ ಬಿಡಿ.

ನೀವು ಶಾಲು ಹೊದಿಸಿ, ಫಲಕದಲ್ಲಿ 'ನೀರು ಉಳಿಸಿದ ಸೊಸೆ' ಎಂದು ಬರೆಸಿದ್ದೀರಿ. ಅದಕ್ಕೆ ನಾನು ಅರ್ಹಳೇ? ನನಗೇ ಅನುಮಾನ. ಅನುಮಾನವೇ ನನ್ನ ಕಾಯಿಲೆ.

ರಿಪ್ಪನ್‌ಪೇಟೆ ಹತ್ತಿರದ ನಮ್ಮ ಮನೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಸದಾ ಹರಿದು ಬರುತ್ತದೆ. ಅಂಥ ಮನೆಯ ಹಿಂದೆ ದಿನೇಶ್ ಟಾರ್ಪಾಲಿನ ತೊಟ್ಟಿ ಕಟ್ಟಿ, ಸ್ವಲ್ಪವೇ ಉಪ್ಪು ಬೆರೆಸಿ, ಬೆಲ್ಲ ಹಾಕಿ ಒಳ್ಳೆಯ ಸೂಕ್ಷ್ಮಜೀವಿ ಬೆಳೆಸಿ, ಆ ಕಂದು ನೀರಲ್ಲಿ ಸಿಗಡಿ ಮರಿ ಸಾಕುತ್ತಾರೆ. ಇದೇ ಬಯೋಫ್ಲಾಕ್. ಮೊದಲ ತಂಡ ಮಾರಿದ ಮೇಲೂ ನೀರು ಚೆಲ್ಲದೆ, ಅದರಲ್ಲೇ ಎರಡನೇ ತಂಡ ಬಿಟ್ಟರು.

"ಅಬ್ಬಿ ನೀರು ಸುಮ್ನೆ ಹರ್ದು ಹೋಗ್ತಾ ಇದೆ, ಈ ಹಳೇ ಕಲಗಚ್ಚು ಎಂತಕ್ಕೋ?" ಎಂದರು ನನ್ನ ಅತ್ತೆ ಕೆರಿಯಮ್ಮ. ಮಾವ ಹೂವಪ್ಪನವರು, "ಈ ಹಳೇ ನೀರಲ್ಲಿ ಮರಿ ಸತ್ರೆ ಟಾರ್ಪಾಲು ಮಡ್ಚಿ ಅಟ್ಟಕ್ಕೆ ಹಾಕ್ತೀನಿ ನೋಡು" ಎಂದರು.

ತೊಟ್ಟಿಯ ಉಸ್ತುವಾರಿ ನನ್ನದು. ಹತ್ತು ದಿನದಲ್ಲಿ ಮೀಟರಿನಲ್ಲಿ ಉಪ್ಪು ಲೀಟರಿಗೆ ಐದು ಗ್ರಾಮಿನಿಂದ ನಾಲ್ಕರ ಕೆಳಕ್ಕೆ ಇಳಿಯಿತು. ಮರಿಗಳ ಚಿಪ್ಪು ಮೆತ್ತಗಾಯಿತು; ಸಾಯತೊಡಗಿದವು. ಉಪ್ಪು ತಾನಾಗಿ ಇಳಿಯುತ್ತದೆಯೇ? ಯಾರೋ ಇಳಿಸುತ್ತಿದ್ದಾರೆ! ಒಂದು ಬೆಳಿಗ್ಗೆ ಕಾದು ನಿಂತೆ. ಅತ್ತೆ ತಾಮ್ರದ ಚೊಂಬು ಹಿಡಿದು ಬಂದು ತೊಟ್ಟಿಗೆ ನೀರು ಸುರಿದರು.

"ಏನತ್ತೆ ಇದು?"

"ಗಂಗೆಗೆ ಒಂದ್ ಚೊಂಬು ನೀರು ಬಿಟ್ಟೆ ಮಾರಾಯ್ತಿ. ಹೊಸ ಬಾವಿಗೆ ಪೂಜೆ ಮಾಡಲ್ವಾ?"

ಹತ್ತು ಸಾವಿರ ಲೀಟರಿಗೆ ಒಂದು ಚೊಂಬು! ಲೆಕ್ಕ ಹಾಕಬಾರದಿತ್ತೇ ನಾನು? ಹಾಕಲಿಲ್ಲ. ಮನೆಯವರೆಲ್ಲರ ಎದುರು "ಮರಿ ಕೊಲ್ಲುತ್ತಿರುವವರು ನೀವೇ" ಎಂದುಬಿಟ್ಟೆ.

"ಹಂಗಾರೆ ನಾನಿಲ್ದೆ ಸಾಕು" ಎಂದು ಅತ್ತೆ ಅರಸೀಕೆರೆಯ ಮಗಳು ಸುಪ್ರಿಯಾಳ ಮನೆಗೆ ಹೊರಟರು.

ಅತ್ತೆ ಹೋದರು, ಉಪ್ಪು ಮತ್ತೂ ಇಳಿಯಿತು. ಆಗ ಗಂಡನ ಮೇಲೆ ಅನುಮಾನ. ಆಮೇಲೆ ಪಕ್ಕದ ಮನೆ ದುರ್ಗಮ್ಮನ ಮೇಲೆ. ದುರ್ಗಮ್ಮನವರೇ, ಹಿಂದಿನ ಸಾಲಲ್ಲಿದ್ದೀರಿ, ಇಂದೇ ನಿಮಗೆ ಗೊತ್ತಾಗುತ್ತಿರುವುದು, ಕ್ಷಮಿಸಿ. ಕೊನೆಗೆ ಮಾವ ಜಗಲಿಯಿಂದಲೇ ಕೇಳಿದರು: "ತಂಗೀ, ತಳದ ಗಸಿ ಅಂತ ದಿನಾ ಎಷ್ಟು ಕೊಡ ಬಸೀತೀಯ? ಮತ್ತೆ ತುಂಬ್ಸೋದು ಯಾವ ನೀರು?"

ದಿನಕ್ಕೆ ಇಪ್ಪತ್ತು ಕೊಡ! ಗಸಿಯ ಜೊತೆ ಉಪ್ಪುನೀರನ್ನೂ ಚರಂಡಿಗೆ ಬಿಟ್ಟು, ತೊಟ್ಟಿಯ ಗುರುತಿನ ಗೆರೆಯವರೆಗೆ ಉಪ್ಪಿಲ್ಲದ ಅಬ್ಬಿ ನೀರು ತುಂಬಿಸುತ್ತಿದ್ದವಳು ನಾನೇ. ನಮ್ಮ ಕಡೆ ನೀರು ಬಿಡುವಾಗ ಯಾರು ಎಣಿಸುತ್ತಾರೆ ಹೇಳಿ? ಈಗ ಗಸಿಯನ್ನು ಡ್ರಮ್ಮಿನಲ್ಲಿ ಇಳಿಯಬಿಟ್ಟು, ಮೇಲಿನ ತಿಳಿಯನ್ನು ತೊಟ್ಟಿಗೇ ಮರಳಿಸುತ್ತೇವೆ. ಕಳೆದ ಉಪ್ಪನ್ನು ದಿನಕ್ಕಿಷ್ಟೇ ಎಂದು ತುಂಬಿಸಿದೆವು. ಮರಿಗಳು ಚೇತರಿಸಿಕೊಂಡವು.

ಫೋನಿನಲ್ಲಿ "ತಪ್ಪು ನನ್ನದೇ ಅತ್ತೆ" ಎಂದೆ. ಅವರು ಹೇಳಿದ್ದೇನು ಗೊತ್ತೇ? "ಬೈದಿದ್ದು ಎಲ್ರೆದುರಿಗೆ. ತಪ್ಪು ಒಪ್ಕೊಳ್ಳೋದು ನನ್ನ ಕಿವಿಗೆ ಮಾತ್ರನಾ?"

ಅದಕ್ಕೇ ಈ ವೇದಿಕೆ ಹತ್ತಿದೆ. ದಿನೇಶ್ ಮುಂದೆ ಕೂತು ಫೋನ್ ಹಿಡಿದಿದ್ದಾರೆ. ಅರಸೀಕೆರೆಯಲ್ಲಿ ಅತ್ತೆ ಕೇಳುತ್ತಿದ್ದಾರೆ. ಅತ್ತೆ, ಎಲ್ಲರೆದುರಿಗೇ ಹೇಳುತ್ತಿದ್ದೇನೆ: ಉಪ್ಪು ಇಳಿಸಿದವಳು ನಾನು. ಮನೆಗೆ ಬನ್ನಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು, ನಮಸ್ಕಾರ. ಒಂದು ನಿಮಿಷ, ದಿನೇಶ್ ಯಾಕೆ ಕೈಬೀಸುತ್ತಿದ್ದಾರೆ? ಕರೆ ಕಡಿದುಹೋಯಿತೇ? ಅತ್ತೆ ಸಿಟ್ಟಾದರೇ? ಮೆಸೇಜು ಬಂತೇ? ಫೋನ್ ಇಲ್ಲಿ ಕೊಡಿ, ನಾನೇ ಓದುತ್ತೇನೆ, ನಿಮ್ಮ ಮುಖ ನೋಡಿದರೆ ನಂಬಿಕೆ ಬರುತ್ತಿಲ್ಲ. ಸುಪ್ರಿಯಾಳ ಮೆಸೇಜು: "ಅಮ್ಮ ಗುರುವಾರ ಬರ್ತಾಳೆ, ಮೈಸೂರು–ತಾಳಗುಪ್ಪ ರೈಲಿಗೆ."