ಪತಂಗದ ಮೊಣಕೈ

ಇಂಗ್ಲೆಂಡಿನ ಗಿರಣಿ ಊರಾದ ಬರ್ನ್ಲಿಯ ವೆರೈಟಿ ಥಿಯೇಟರಿನ ಬಣ್ಣದ ಕೋಣೆಯಲ್ಲಿ ಕುಣಿಯುವ ಹುಡುಗಿಯರೆಲ್ಲ ಒಲೆಯ ಸುತ್ತ ಕೂತಿದ್ದರು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು; ಸಂಜೆಯ ಆಟಕ್ಕೆ ಇನ್ನೂ ಹೊತ್ತಿತ್ತು. ಪತಂಗದ ನೃತ್ಯವನ್ನು ಅಣಕಿಸಿ ನಗಿಸುವ ಹಳೆಯ ಆಟವನ್ನು ಅವರಲ್ಲೊಬ್ಬಳಾದ ಟಿಲ್ಲಿ ಅಂದು ಹೊಸದಾಗಿ ಆಡುವವಳಿದ್ದಳು. ಉಡುಪು ಹೊಲಿಯುವ ಹೆಪ್ಸಿಬಾ ಅಜ್ಜಿ ಅವಳ ಹಿಂದೆ ನಿಂತು ಉಡುಪಿನ ಬೆನ್ನಿಗೆ ರೆಕ್ಕೆ ಹೊಲಿಯುತ್ತಾ ಸಿಡುಕುತ್ತಿದ್ದಳು.

"ಬೇಡ ಅಂದ್ರೆ ಕೇಳ್ತೀಯೇನೆ? ಹಿಂದೆ ಈ ಅಣಕ ಆಡ್ತಿದ್ದ ವಿಲ್ಫ್ರೆಡ್‌ಗೂ ಹೇಳಿ ಹೇಳಿ ನನ್ನ ನಾಲಿಗೆ ಸವೀತು. ನಮ್ಮಲ್ಲಿ ಒಂದು ಪದ್ಧತಿ ಇತ್ತು ಕಣ್ರೇ... ಅಸಲಿ ನೃತ್ಯ ಮುಗಿದ ಮೇಲೇ ಅದರ ಅಣಕ. ನಮ್ಮ ನರ್ತಕಿ ಲಿಯೊನೋರಾ ಬರಿಗಾಲಲ್ಲಿ ಪತಂಗವಾಗಿ ದೀಪಕ್ಕೆ ಬಿದ್ದು ಸಾಯೋಳು, ಜನ ಕಣ್ಣೊರೆಸಿಕೊಳ್ಳೋರು. ಹಿಂದೇನೇ ಈ ಡೊಳ್ಳುಹೊಟ್ಟೆ ವಿಲ್ಫ್ರೆಡ್ ಅದೇ ಥರ ರೆಕ್ಕೆ ಕಟ್ಕೊಂಡು, ಕಾಲು ಸೊಟ್ಟ ಹಾಕ್ಕೊಂಡು ಬಂದು, ದಡಾರ್ ಅಂತ ಬೀಳೋನು. ಅಸಲಿ ಇಲ್ಲದಿದ್ರೆ ಅಣಕಾನೂ ಇಲ್ಲ. ಅರ್ಥವಾಗೋಕೆ ಅಷ್ಟು ಕಷ್ಟವೇನೇ? ಒಂದು ಚಳಿಗಾಲ ಲಿಯೊನೋರಾ ಜ್ವರ ಬಂದು ಸತ್ತಳು. ಇವನು ಬಿಟ್ನಾ? 'ಹೊಟ್ಟೆಪಾಡು ಹೆಪ್ಸಿ, ಜನ ನಗದಿದ್ರೆ ನನಗೆ ಊಟ ಇಲ್ಲ' ಅಂತ ಒಬ್ಬನೇ ರಂಗಕ್ಕೆ ಹೊರಟ.

ಸರಿ, ಕುಣಿದ... ಸೊಟ್ಟ ಇಟ್ಟ ಪಾದ ತಾನಾಗೇ ನೆಟ್ಟಗಾಯ್ತು. ಇಳಿಬಿಟ್ಟ ಮೊಣಕೈಯನ್ನ ಯಾರೋ ಚಕ್ ಅಂತ ಎತ್ತಿದ್ರು. ಬೀಳೋಕೆ ಹೋದ್ರೆ ಬೀಳೋಕೂ ಬಿಡಲಿಲ್ಲ. ಪರದೆ ಪಕ್ಕದಲ್ಲಿ ನಿಂತ ನನಗೇ ಕೇಳಿಸ್ತು, ಅವನ ಕಿವಿ ಹತ್ರ ಒಂದು ನಿಟ್ಟುಸಿರು... ದಡ್ಡ ಮಗುಗೆ ಪಾಠ ಹೇಳಿ ಸಾಕಾದ ಟೀಚರಮ್ಮನ ಥರ. ದಿನಾ ಇದೇ ಗೋಳು. ದಿನಾ ಅವನ ಕುಣಿತ ಇನ್ನಷ್ಟು ಚೆಂದ ಆಗ್ತಾ ಹೋಯ್ತು, ನಗೋರೇ ಇಲ್ಲ! ಅಷ್ಟು ದಪ್ಪ ಗಂಡಸು ಪತಂಗವಾಗಿ ಸಾಯೋದನ್ನ ನೋಡಿ ಗಿರಣಿ ಹೆಂಗಸರು ಬಿಕ್ಕಿ ಬಿಕ್ಕಿ ಅತ್ರು. 'ಬಿಟ್ಬಿಡೇ ತಾಯಿ, ನಾನು ನಗಿಸೋನು' ಅಂತ ಕನ್ನಡಿ ಮುಂದೆ ಗೋಗರೆದ. ಬಿಟ್ಳಾ? ಸಿನಿಮಾದವರು ಅವನ ಕುಣಿತ ತೆಗೆದ್ರಲ್ಲ, ಅದನ್ನೂ ನೋಡಿದೆ... ಬಿಳೀ ಪರದೆ ಮೇಲೆ ಅವನೊಬ್ಬನೇ. ಆದ್ರೆ ಮೊಣಕೈಯ ಮಾಂಸ ಒಳಕ್ಕೆ ಒತ್ತಿಕೊಂಡಿತ್ತು, ಬೆರಳು ಊರಿದ ಹಾಗೆ. ಕೊನೆಗೆ ಮ್ಯಾನೇಜರ್ ಅವನನ್ನ ಕೆಲಸದಿಂದ ಕಳಿಸಿದ. ಪಾಪ, ಸಂತೇಲಿ ಬಟಾಣಿ ಮಾರ್ತಿದ್ದ... ತಕ್ಕಡಿ ಎತ್ತೋವಾಗ್ಲೂ ಮೊಣಕೈ ಹಾಗೇ, ರೆಕ್ಕೆ ಥರ."

ಹುಡುಗಿಯರು ಕಿಸಕ್ಕೆಂದರು. ಟಿಲ್ಲಿಗೂ ನಗು ಬಂತು.

"ಕತೆ ಸಾಕು ಅಜ್ಜೀ. ಮೊದಲು ನನ್ನ ಮೊಣಕೈ ಬಿಡು, ನೋಯ್ತಿದೆ."

ಅಜ್ಜಿ ಹಲ್ಲಿನಲ್ಲಿ ದಾರ ಕಡಿದು ಅವಳ ಎದುರಿಗೆ ಬಂದಳು. ಒಂದು ಕೈಯಲ್ಲಿ ಸೂಜಿಯಿತ್ತು, ಇನ್ನೊಂದರಲ್ಲಿ ಕತ್ತರಿ.

"ನಾನೆಲ್ಲಿ ಹಿಡಿದಿದೀನೇ? ಬೇಡ ಅಂದ್ರೆ ಕೇಳ್ತೀರಾ ನೀವು..."