ಕೀಳೋದು ಉಚಿತ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಬೆಂಚಿನ ಮೇಲೆ, ಬ್ಯಾಂಡಿನ ಕ್ಲಾರಿನೆಟ್ಟಿನವನು ಬಾತ ತುಟಿ ಹಿಡಿದು ಕೂತಿದ್ದ. ಮುಂದಿನ ಹಲ್ಲು ಹೋದರೆ ಅವನ ಕಸುಬೂ ಹೋದ ಹಾಗೆ. ಎಕ್ಸ್‌ರೇ ತೆಗೆಸಿಕೊಂಡು ಬಂದು ಪಕ್ಕದಲ್ಲಿ ಕೂತ ಇಬ್ಬರನ್ನು ನೋಡಿ ಅವನಿಗೆ ನೋವೇ ಮರೆತುಹೋಯಿತು. ಆರೋಗ್ಯ ಮಸೂದೆಗಾಗಿ ನಿನ್ನೆ ಟೀವಿಯಲ್ಲಿ ಕತ್ತಿನಪಟ್ಟಿ ಹಿಡಿಯುವುದೊಂದು ಬಾಕಿ ಉಳಿಸಿದ್ದ ಆಳುವ ಪಕ್ಷದ ಹಿರಿಯರು, ವಿರೋಧ ಪಕ್ಷದ ಕಿರಿಯರು!

“ನಿನ್ನೆ ಸ್ವಲ್ಪ ಜಾಸ್ತೀನೇ ಕೂಗಿಬಿಟ್ರಿ, ಅಣ್ಣಾ,” ಅಂದರು ಕಿರಿಯರು.

“ನಮ್ಮ ಜನ ನೋಡ್ತಿರ್ತಾರಲ್ಲಪ್ಪಾ. ಅಂತೂ ರಾಜಿ ಆಯ್ತಲ್ಲ?”

“ಆಯ್ತು. ಹಲ್ಲಿಗೆ ಎಲ್ಲಾ ಉಚಿತ ಅಂತ ನೀವು, ಏನೂ ಕೊಡಬೇಡಿ ಅಂತ ನಾವು. ಕೊನೆಗೆ ಕೀಳೋದು ಉಚಿತ, ಉಳಿಸೋದು ಅವರವರ ಖರ್ಚು.”

“ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ. ಇವತ್ತಿಂದಲೇ ಜಾರಿ.”

“ಜನ ಏನಂತಾರೋ?”

“ಅನ್ನೋಕೆ ಬಾಯಲ್ಲಿ ಹಲ್ಲಿರಬೇಕಲ್ಲ!”

ಇಬ್ಬರೂ ಕೆನ್ನೆ ಒತ್ತಿ ಹಿಡಿದುಕೊಂಡೇ ನಕ್ಕರು. ಅಷ್ಟರಲ್ಲಿ ನರ್ಸಮ್ಮ ಬಾಗಿಲು ತೆರೆದಳು.

“ಸಾರ್, ಎಕ್ಸ್‌ರೇ ನೋಡಿದ್ರು. ನಿಮ್ಮಿಬ್ಬರದೂ ಕೀಳೋದೇ ಸುಲಭ ಅಂತಾರೆ ಡಾಕ್ಟ್ರು.”

“ಅಯ್ಯಯ್ಯೋ, ಕೀಳೋದಾ!” ಅಂದರು ಇಬ್ಬರೂ ಒಂದೇ ದನಿಯಲ್ಲಿ. ಅಷ್ಟು ಒಗ್ಗಟ್ಟು ಸದನ ಯಾವತ್ತೂ ಕಂಡಿರಲಿಕ್ಕಿಲ್ಲ.

“ಶಾಸಕರ ಖರ್ಚೆಲ್ಲ ಸರ್ಕಾರವೇ ಕೊಡುತ್ತೆ, ಉಳಿಸಮ್ಮಾ,” ಅಂದರು ಹಿರಿಯರು.

“ನೀವು ಮೊದಲು ನಡೀರಿ, ಅಣ್ಣಾ.”

“ಛೆ ಛೆ, ನೀನು ಬಾ, ಒಟ್ಟಿಗೇ ಹೋಗೋಣ.”

ಹೆಗಲ ಮೇಲೆ ಕೈ ಹಾಕಿಕೊಂಡು ಇಬ್ಬರೂ ಒಳಗೆ ಹೋದರು. ನರ್ಸಮ್ಮ ಕ್ಲಾರಿನೆಟ್ಟಿನವನ ಕಡೆ ತಿರುಗಿದಳು.

“ನಿಂದೇನಪ್ಪಾ, ಉಚಿತದ್ದು ತಾನೇ?”